ತೂಕಕ್ಕಿಂತ ಮೊದಲು ಟೇಪು

ಕಲಬುರಗಿಯ ನನ್ನ ಕ್ಲಿನಿಕ್ಕಿಗೆ "ಮೆಟಬಾಲಿಕ್ ಸಿಂಡ್ರೋಮ್ ಇದೆಯಾ ನೋಡಿ" ಅಂತ ಯಾರೂ ಬರುವುದಿಲ್ಲ. ಸೊಂಟ, ಬಿಪಿ, ಶುಗರ್, ರಕ್ತದ ಕೊಬ್ಬು ಒಟ್ಟೊಟ್ಟಿಗೆ ಏರುಪೇರಾಗುವುದಕ್ಕೆ ಇಟ್ಟ ಹೆಸರು ಅದು. ಮೊಣಕಾಲ ಬ್ಯಾನಿಗೆ ಬರುತ್ತಾರೆ, ಮುಟ್ಟು ಏರುಪೇರಾಗಿದ್ದಕ್ಕೆ ಬರುತ್ತಾರೆ. ಕೆಲವರು ಕತ್ತಿನ ಹಿಂದೆ ಕಪ್ಪಾಗಿದೆ, ತಿಕ್ಕಿದರೂ ಹೋಗುತ್ತಿಲ್ಲ ಅಂತ ಬರುತ್ತಾರೆ. ಆ ಕಪ್ಪು ಮಖಮಲ್ಲಿನ ಹಾಗೆ ದಪ್ಪಗಿದ್ದರೆ ಅದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತಾಗಿರಬಹುದು.

ದಪ್ಪ ಇದ್ದೇವೆ ಅಂತ ಅವರಿಗೇ ಗೊತ್ತಿರುತ್ತದೆ, ಮನೆಯವರು ದಿನಾ ಹೇಳಿರುತ್ತಾರೆ. ನನಗೆ ಬೇಕಾದದ್ದು ಸೊಂಟದ ಸುತ್ತಳತೆ. ಸೀರೆಯ ಮೇಲೆ ಟೇಪು ಸುತ್ತಿದರೆ ನೆರಿಗೆಯನ್ನೂ ಅಳೆದಂತೆ. ಲಂಗದ ಲಾಡಿಯ ಜಾಗವೂ ಸರಿಯಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಕಟ್ಟುತ್ತಾರೆ. ಪರದೆಯ ಹಿಂದೆ ನಿಲ್ಲಿಸಿ, ಲಾಡಿ ಸಡಿಲ ಮಾಡಿಸಿ, ಪಕ್ಕೆಯ ಕೊನೆಯ ಎಲುಬನ್ನು ಬೆರಳಿನಿಂದ ಹುಡುಕುತ್ತೇನೆ. ಆಮೇಲೆ ಕೆಳಗೆ ಸೊಂಟದ ಮೂಳೆಯ ಮೇಲಂಚು. ಎರಡರ ನಟ್ಟನಡುವೆ ಪೆನ್ನಿನಿಂದ ಒಂದು ಚುಕ್ಕೆ. ಟೇಪು ಅಲ್ಲೇ ಸುತ್ತಬೇಕು, ಬೆನ್ನ ಹಿಂದೆ ಮೇಲೆ ಕೆಳಗೆ ಆಗಬಾರದು. ಟೇಪು ಕಂಡ ಕೂಡಲೇ ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ! "ಅಕ್ಕಾ, ಉಸಿರು ಬಿಡ್ರಿ, ಮಕ್ಕಳು ಎಷ್ಟನೇತ್ತಾ ಅದಾವ?" ಅಂತ ಮಾತಿಗೆಳೆದು, ಉಸಿರು ಬಿಟ್ಟಾಗ ಓದುತ್ತೇನೆ.

ನಮ್ಮ ಹೆಣ್ಣುಮಕ್ಕಳಿಗೆ ಮಿತಿ 80 ಸೆಂ.ಮೀ. ಅಮೆರಿಕದ 2001ರ ಮಾನದಂಡದಲ್ಲಿ 88 ಇತ್ತು. ಆದರೆ ನಮ್ಮ ಕಡೆಯವರಿಗೆ ಅದಕ್ಕಿಂತ ಕಡಿಮೆಯಲ್ಲೇ ತೊಂದರೆ ಶುರುವಾಗುತ್ತದೆ. 88 ಹಿಡಿದು ಕೂತರೆ ಎಷ್ಟೋ ಜನ ಕೈತಪ್ಪಿ ಹೋಗುತ್ತಾರೆ.

ಬಿಪಿಯ ಬಗ್ಗೆ ಎರಡೇ ಮಾತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಬರುತ್ತದೆ, ಅದಕ್ಕೆ ದೊಡ್ಡ ಪಟ್ಟಿ ಇಟ್ಟುಕೊಳ್ಳಿ. ನಮ್ಮ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದವರನ್ನು ಐದು ನಿಮಿಷವಾದರೂ ಫ್ಯಾನ್ ಕೆಳಗೆ ಸುಮ್ನೆ ಕೂರಿಸಿ.

ರಕ್ತಕ್ಕೆ ಖಾಲಿ ಹೊಟ್ಟೆ ಬೇಕು. ಆಳಂದ, ಸೇಡಂ ಕಡೆಯವರು ಬೆಳಗಿನ ಬಸ್ಸು ಹತ್ತುವುದೇ ಚಾ ಕುಡಿದು. "ಏನೂ ತಿಂದಿಲ್ರೀ, ಬರೇ ಚಾ" ಅನ್ನುತ್ತಾರೆ. ಹಾಲು, ಸಕ್ಕರೆ ಎರಡೂ ಹೋಯಿತಲ್ಲ! ಈಗ ಚೀಟಿಯ ಮೇಲೇ "ಚಾನೂ ಬೇಡ, ನೀರು ಮಾತ್ರ" ಅಂತ ದಪ್ಪಕ್ಷರದಲ್ಲಿ ಬರೆಯುತ್ತೇನೆ.

ಇನ್ನು ಲೆಕ್ಕ. ಸೊಂಟ 80 ಅಥವಾ ಜಾಸ್ತಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 150 ಅಥವಾ ಜಾಸ್ತಿ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 50ಕ್ಕಿಂತ ಕಡಿಮೆ, ಬಿಪಿಯಲ್ಲಿ ಮೇಲಿನದು 130 ಇಲ್ಲವೇ ಕೆಳಗಿನದು 85 ಮುಟ್ಟಿರುವುದು, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಜಾಸ್ತಿ. ಈ ಐದರಲ್ಲಿ ಮೂರು ಇದ್ದರೆ ಸಿಂಡ್ರೋಮ್. ಮಾತ್ರೆ ನುಂಗಿ ಬಿಪಿ ಸರಿಯಿದ್ದರೂ ಅದು ಲೆಕ್ಕಕ್ಕೆ ಸೇರುತ್ತದೆ.

ಮೊಣಕಾಲ ಬ್ಯಾನಿಗೆ ಬಂದ ನಲವತ್ತರ ಆಸುಪಾಸಿನ ಒಬ್ಬರಿಗೆ ಸೊಂಟ 94, ಬಿಪಿ 126/82, ಶುಗರ್ 97. "ಬಿಪಿ ಇಲ್ಲ, ಶುಗರ್ ಇಲ್ಲ, ಮತ್ತೇನ್ರೀ ಮೇಡಂ?" ಅಂದರು ಗಂಡ. ಟ್ರೈಗ್ಲಿಸರೈಡ್ 182, ಎಚ್‌ಡಿಎಲ್ 38. ಮೂರಾಯಿತು. ಒಂದೊಂದಾಗಿ ನೋಡಿದರೆ "ಸ್ವಲ್ಪ ಜಾಸ್ತಿ, ಸ್ವಲ್ಪ ಕಡಿಮೆ" ಅಂತ ಬಿಟ್ಟುಬಿಡುವಂಥವೇ. ಒಟ್ಟಿಗೆ ಕೂಡಿಸಿದಾಗಲೇ ಮುಂದೆ ಶುಗರ್, ಹೃದಯದ ಕಾಯಿಲೆ ಬರುವ ಅಪಾಯ ಕಾಣುವುದು. ಇದಕ್ಕೆ ಬೇರೆ ಹೆಸರು ಯಾಕೆ ಬೇಕು ಅಂತ 2005ರಲ್ಲಿ ಅಮೆರಿಕ, ಯುರೋಪಿನ ಮಧುಮೇಹ ಸಂಘಗಳೇ ಪ್ರಶ್ನೆ ಎತ್ತಿದ್ದವು. ಅವರ ವಾದದಲ್ಲಿ ಹುರುಳಿದೆ. ಆದರೂ ಹೆಂಡತಿಯ ಆರೋಗ್ಯಕ್ಕೆ ದುಡ್ಡು ಬಿಚ್ಚಬೇಕಾದ ಗಂಡನ ಮುಂದೆ ಒಂದು ಹೆಸರು ಇದ್ದರೆ ಮಾತು ನಡೆಯುತ್ತದೆ.

ದಪ್ಪಗಿದ್ದವರಿಗೆಲ್ಲ ಇದು ಇರುವುದಿಲ್ಲ. ಐದರಲ್ಲಿ ಸೊಂಟವೊಂದೇ ಜಾಸ್ತಿ ಇರುವವರೂ ಬರುತ್ತಾರೆ, ಅವರಿಗೆ ಸುಮ್ನೆ ಹೆದರಿಕೆ ಹುಟ್ಟಿಸುವುದಿಲ್ಲ. ಟ್ರೈಗ್ಲಿಸರೈಡ್ ಏರಿದ್ದರೆ ಥೈರಾಯ್ಡ್ ನೋಡಿಸುತ್ತೇನೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಕೇಳುತ್ತೇನೆ. ಬಸುರಿಯಿದ್ದಾಗ ಶುಗರ್ ಬಂದಿತ್ತಾ ಅಂತಲೂ ಕೇಳುತ್ತೇನೆ, ಅದನ್ನು ತಾವಾಗಿ ಹೇಳುವವರು ಕಡಿಮೆ. ನಮ್ಮಲ್ಲಿ ರಕ್ತ ಕಡಿಮೆ ಇರುವ ಹೆಂಗಸರು ಬಹಳ. ಕಬ್ಬಿಣಾಂಶ ಕಮ್ಮಿಯಿದ್ದಾಗ ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹಾಗಾಗಿ ಅದೊಂದನ್ನೇ ನಂಬದೆ ಹಿಮೋಗ್ಲೋಬಿನ್ ಕೂಡ ನೋಡುತ್ತೇನೆ. ಖಾಲಿ ಹೊಟ್ಟೆಯ ಶುಗರ್ 100ರಿಂದ 125ರ ನಡುವೆ ಬಂದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಸುತ್ತೇನೆ. 126 ಮುಟ್ಟಿದ್ದರೆ ಇನ್ನೊಂದು ದಿನ ಮತ್ತೆ ಮಾಡಿಸಿ, ಆಮೇಲಷ್ಟೇ ಮಧುಮೇಹ ಅನ್ನುತ್ತೇನೆ.