ಮಳೆ ಹಿಡಿಯುವ ಮುನ್ನ ಸ್ಪೋರ್ಟ್ಸ್ ಕಾರಿಗೆ ಪಾಲಿಶ್: ಮಲೆನಾಡಿನಲ್ಲಿ ಮಾಡುವ ಬಗೆ

ಪಾಲಿಶ್ ಮಾಡಿದ ಕಾರು ಹೊಳೆಯುವುದು ಅದಕ್ಕೆ ಏನನ್ನೋ ಹಚ್ಚಿದ್ದರಿಂದಲ್ಲ, ಬಣ್ಣದ ಮೇಲ್ಪದರವನ್ನು ಒಂದಿಷ್ಟು ಸವೆಸಿದ್ದರಿಂದ. ಕಾರ್ಖಾನೆಯಿಂದ ಬರುವ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಅದರಲ್ಲಿ 35ರಿಂದ 50 ಮೈಕ್ರಾನ್ ಅಷ್ಟೇ. ಕಾಂಪೌಂಡ್ ಎಂಬ ಒರಟು ಪಾಲಿಶ್‌ನಿಂದ ಒಮ್ಮೆ ಉಜ್ಜಿದರೆ 2ರಿಂದ 4 ಮೈಕ್ರಾನ್ ಹೋಗುತ್ತದೆ, ಮತ್ತೆ ಬರುವುದಿಲ್ಲ. ವರ್ಷವರ್ಷವೂ ಆಯುಧಪೂಜೆಗೆ ಮುನ್ನ ‘ರಬ್ಬಿಂಗ್ ಪಾಲಿಶ್’ ಮಾಡಿಸುವ ಕಾರು ಕೆಲವೇ ವರ್ಷಗಳಲ್ಲಿ ಬಾನೆಟ್ ಮೇಲೆ ಬೆಳ್ಳಗೆ ಸಿಪ್ಪೆ ಏಳುವುದು ಇದೇ ಕಾರಣಕ್ಕೆ. ಒಮ್ಮೆ ಸರಿಯಾಗಿ ಪಾಲಿಶ್ ಮಾಡಿ, ಆಮೇಲೆ ತೊಳೆಯುವ ಕ್ರಮದಲ್ಲಿ ಗೀರು ಬೀಳದಂತೆ ನೋಡಿಕೊಂಡರೆ ನಾಲ್ಕೈದು ವರ್ಷ ಮತ್ತೆ ಯಂತ್ರ ಮುಟ್ಟಿಸಬೇಕಿಲ್ಲ.

ಮ್ಯಾಟ್ ಬಣ್ಣದ ಕಾರಿದ್ದರೆ ಪಾಲಿಶ್‌ನ ಭಾಗವನ್ನು ಪೂರ್ತಿ ಬಿಟ್ಟುಬಿಡಿ. ಒಂದು ಸಲ ಉಜ್ಜಿದರೂ ಅಲ್ಲಲ್ಲಿ ಹೊಳಪಿನ ತೇಪೆ ಬೀಳುತ್ತದೆ, ಅದನ್ನು ಸರಿಮಾಡಲು ಆ ಭಾಗಕ್ಕೆ ಹೊಸ ಬಣ್ಣವನ್ನೇ ಹೊಡೆಸಬೇಕು.

ಯಾವಾಗ?

ಜನವರಿಯಿಂದ ಮಾರ್ಚ್ ನಡುವೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗಾಳಿಯಲ್ಲೇ ನೀರಿರುತ್ತದೆ. ಪಾಲಿಶ್ ಆದ ಮೇಲೆ ಕಾಪಿಗೆ ಹಚ್ಚುವ ಸೆರಾಮಿಕ್ ಕೋಟಿಂಗ್ ಆ ತೇವಕ್ಕೆ ಬೇಗ ಗಟ್ಟಿಯಾಗಿ, ಒರೆಸುವ ಮುನ್ನವೇ ಕಲೆಯಾಗಿ ಕೂತುಬಿಡುತ್ತದೆ. ಏಪ್ರಿಲ್ ಬಂದರೆ ಸಂಜೆಯ ಗುಡುಗು ಮಳೆಯನ್ನು ನಂಬುವಂತಿಲ್ಲ. ಚಳಿಗಾಲದಲ್ಲೂ ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ, ಹಾಗಾಗಿ ಹತ್ತು ಗಂಟೆಯ ನಂತರ, ಸೂರಿನಡಿಯಲ್ಲಿ ಕೆಲಸ ಶುರುಮಾಡಿ. ಎರಡು ದಿನ ಬಿಡುವಿರಲಿ.

ತೊಳೆಯುವುದು

ಗೀರುಗಳಲ್ಲಿ ಹೆಚ್ಚಿನವು ತೊಳೆಯುವಾಗಲೇ ಬೀಳುವಂಥವು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಧೂಳು ಮುಟ್ಟಲು ನುಣುಪು, ಆದರೆ ಅದರೊಳಗೆ ಮರಳಿನ ಕಣ ಇರುತ್ತದೆ. ಒಣ ಬಟ್ಟೆಯಿಂದ ಧೂಳು ಹೊಡೆದರೆ ಬಿಸಿಲಲ್ಲಿ ಜೇಡರಬಲೆಯಂತೆ ಕಾಣುವ ಸುರುಳಿ ಗೀರು ಖಚಿತ.

ಮೊದಲು ಬರಿ ನೀರಿನ ರಭಸದಿಂದ ಮಣ್ಣು ಬಿಡಿಸಿ. ಪ್ರೆಷರ್ ವಾಷರ್ ನಳಿಗೆ ಬಣ್ಣದಿಂದ ಒಂದಡಿಯಾದರೂ ದೂರವಿರಲಿ, ಕಲ್ಲು ಸಿಡಿದು ಬಣ್ಣ ಹಾರಿದ ಜಾಗಕ್ಕೆ ನೇರ ಹಿಡಿದರೆ ಸುತ್ತಲಿನ ಬಣ್ಣವೂ ಎದ್ದೀತು. ಆಮೇಲೆ ನೊರೆ ಹೊಡೆದು ಐದು ನಿಮಿಷ ಬಿಡಿ, ಒಣಗಲು ಬಿಡಬೇಡಿ. ನಂತರ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಮೈಕ್ರೋಫೈಬರ್ ಕೈಗವಸನ್ನು ಒಂದೊಂದು ಭಾಗ ಮುಗಿದಾಗಲೂ ಬರಿ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಕೆಲಸ ಮೇಲಿಂದ ಕೆಳಕ್ಕೆ. ಬಾಗಿಲ ಕೆಳಭಾಗ, ಹಿಂದಿನ ಬಂಪರ್ ಕೊನೆಗೆ. ಚಕ್ರಗಳಿಗೆ ಬೇರೆಯದೇ ಬಕೆಟ್, ಬೇರೆಯದೇ ಬ್ರಷ್. ಪಾತ್ರೆ ಸೋಪು, ಬಟ್ಟೆ ಸೋಪಿನ ಪುಡಿ ಬೇಡ. ಹಚ್ಚಿದ ರಕ್ಷಣಾ ಪದರವನ್ನು ಅವು ಎಬ್ಬಿಸುತ್ತವೆ.

ಕೊನೆಯ ಜಾಲಿಕೆಗೆ ಯಾವ ನೀರು ಎಂಬುದು ಮುಖ್ಯ. ಬೋರ್‌ವೆಲ್ ನೀರು ಒಣಗಿದರೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಬಾವಿ ನೀರು ಮೆದುವಾಗಿದ್ದರೆ ಅದು, ಇಲ್ಲವೇ ಹಿಡಿದಿಟ್ಟ ಮಳೆನೀರು ಒಳ್ಳೆಯದು. ದಪ್ಪ ಮೈಕ್ರೋಫೈಬರ್ ಟವೆಲನ್ನು ಹಾಸಿ ಎಳೆದು ಒರೆಸಿ, ತಿಕ್ಕಬೇಡಿ. ಗ್ಯಾರೇಜಿನ ಬನಿಯನ್ ವೇಸ್ಟ್ ಎಂಜಿನ್ ಒರೆಸಲು ಸರಿ, ಬಣ್ಣದ ಹತ್ತಿರ ತರಬೇಡಿ. ಒರೆಸಿದ ಮೇಲೆ ಕಾರನ್ನು ನೂರಿನ್ನೂರು ಮೀಟರ್ ಓಡಿಸಿ ಬ್ರೇಕ್ ಹಿಡಿದರೆ ಡಿಸ್ಕ್ ಒಣಗುತ್ತದೆ, ತುಕ್ಕಿನ ನೀರು ಅಲಾಯ್ ಚಕ್ರದ ಮೇಲೆ ಸುರಿಯುವುದಿಲ್ಲ.

ತೊಳೆದರೂ ಹೋಗದ ಕಲೆಗಳು

ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಸವರಿದರೆ ಮರಳುಮರಳಾಗಿ ತಾಗುತ್ತದೆ. ಅದು ಬ್ರೇಕಿನ ಕಬ್ಬಿಣದ ಕಣ, ಟಾರು, ಮರದ ಅಂಟು. ಕಬ್ಬಿಣಕ್ಕೆ ಐರನ್ ರಿಮೂವರ್ ಸಿಂಪಡಿಸಿ. ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮೂರರಿಂದ ಐದು ನಿಮಿಷದೊಳಗೆ ತೊಳೆಯಿರಿ. ಟಾರಿಗೆ ಟಾರ್ ರಿಮೂವರ್. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆ ಮುದ್ದೆ: ಶಾಂಪೂ ನೀರು ಧಾರಾಳವಾಗಿ ಹೊಡೆದು, ಒತ್ತದೆ, ನೇರ ಗೆರೆಯಲ್ಲಿ ಜಾರಿಸಿ. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ. ತೊಳೆದು ಬಳಸುವ ಜಿಪುಣತನಕ್ಕೆ ಬಾಗಿಲುದ್ದದ ಗೀರು ದಂಡ.

ತೋಟದ ಮನೆಯವರಿಗೆ ಇನ್ನೆರಡು ತಲೆನೋವು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಹನಿ ಗಾಳಿಗೆ ಬಂದು ಕಾರಿನ ಮೇಲೆ ಕೂತರೆ ನೀಲಿ-ಬಿಳಿ ಚುಕ್ಕೆ. ಮೈಲುತುತ್ತದ ಜೊತೆ ಸುಣ್ಣ ಇರುವುದರಿಂದ ಶಾಂಪೂಗೆ ಜಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಇಟ್ಟು ಚೆನ್ನಾಗಿ ತೊಳೆದರೆ ಕರಗುತ್ತದೆ. ಬೋರ್‌ವೆಲ್ ನೀರಿನ ಉಂಗುರಕ್ಕೂ ಇದೇ ಮದ್ದು. ಅಡಿಕೆ ಬೇಯಿಸಿದ ಚೊಗರು ಸಿಡಿದರೆ ಒಣಗುವ ಮುನ್ನ ನೀರು ಹಾಕಿ. ಸುಗ್ಗಿ ಮುಗಿಯುವ ತನಕ ಬಿಳಿ ಕಾರನ್ನು ಅಡಿಕೆ ಒಲೆಯ ಪಕ್ಕ ನಿಲ್ಲಿಸದಿರುವುದೇ ಜಾಣತನ.

ಯಂತ್ರ ಹಿಡಿಯುವ ಮುನ್ನ

ಪೇಂಟ್ ಗೇಜ್‌ನಿಂದ ಪ್ರತಿ ಭಾಗದಲ್ಲೂ ಐದಾರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಸ್ಪೋರ್ಟ್ಸ್ ಕಾರುಗಳಲ್ಲಿ ಬಾನೆಟ್ ಅಲ್ಯುಮಿನಿಯಂನದ್ದಾಗಿರುವುದು ಉಂಟು, ಕಬ್ಬಿಣವನ್ನಷ್ಟೇ ಅಳೆಯುವ ಗೇಜ್ ಅಲ್ಲಿ ನಡೆಯದು. ಎರಡನ್ನೂ ಅಳೆಯುವಂಥದ್ದು ಬೇಕು. ಪ್ಲಾಸ್ಟಿಕ್ ಬಂಪರ್ ಮತ್ತು ಕಾರ್ಬನ್ ಫೈಬರ್ ಮೇಲೆ ಇವೆರಡೂ ಕೆಲಸ ಮಾಡುವುದಿಲ್ಲ, ಅಲ್ಲಿ ನಯವಾದ ಪಾಲಿಶ್ ಮಾತ್ರ ಬಳಸಿ. 90 ಮೈಕ್ರಾನ್‌ಗಿಂತ ಕಡಿಮೆ ಬಂದ ಜಾಗಕ್ಕೆ ಕಾಂಪೌಂಡ್ ಬೇಡ. 200 ದಾಟಿದರೆ ಅಲ್ಲಿ ಮರುಬಣ್ಣ ಆಗಿರಬಹುದು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೂ ಉಪಯೋಗದ ಸಂಗತಿ ಇದು.

ಅಂಚುಗಳಲ್ಲಿ, ಮಡಿಕೆಯ ಏಣುಗಳಲ್ಲಿ ಬಣ್ಣ ತೆಳುವಾಗಿರುತ್ತದೆ. ಅಲ್ಲಿಗೂ ರಬ್ಬರ್ ಪಟ್ಟಿ, ಗಾಳಿಕಿಂಡಿಯ ಜಾಲರಿ, ಕಪ್ಪು ಪ್ಲಾಸ್ಟಿಕ್‌ಗೂ ಮಾಸ್ಕಿಂಗ್ ಟೇಪ್ ಅಂಟಿಸಿ.

ಪಾಲಿಶ್

ಕಲಿಯುವವರು ರೋಟರಿ ಯಂತ್ರಕ್ಕೆ ಕೈ ಹಾಕಬೇಡಿ. ಒಂದೇ ಕಡೆ ನಿಂತು ಸುತ್ತುವ ಅದು ಕ್ಷಣದಲ್ಲಿ ಬಣ್ಣ ಸುಡುತ್ತದೆ, ಬಿಸಿಲಿಗೆ ಹೊಗೆಯಾಡಿದಂತೆ ಕಾಣುವ ಗುರುತೂ ಬಿಡುತ್ತದೆ. ಸುತ್ತುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಯಂತ್ರ, ಪ್ಯಾಡ್ ಕೂರಿಸುವ 5 ಇಂಚಿನ ಪ್ಲೇಟ್, ಆರರಿಂದ ಎಂಟು ಫೋಮ್ ಪ್ಯಾಡ್ ಇದ್ದರೆ ಸಾಕು.

ಮೊದಲು ಬಾನೆಟ್‌ನ ಒಂದು ಮೂಲೆಯಲ್ಲಿ ಪರೀಕ್ಷೆ. ಅತಿ ನಯದ ಪಾಲಿಶ್, ಮೆತ್ತನೆ ಪ್ಯಾಡಿನಿಂದ ಶುರುಮಾಡಿ. ಗೀರು ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೇರಿ. ಪ್ಯಾಡಿಗೆ ಬಟಾಣಿ ಗಾತ್ರದ ಮೂರ್ನಾಲ್ಕು ಹನಿ ಹಾಕಿ, ಯಂತ್ರ ನಿಂತಿರುವಾಗಲೇ 45 ಸೆಂಟಿಮೀಟರ್ ಚೌಕದಲ್ಲಿ ಒತ್ತಿ ಹರಡಿ. ಆರು ವೇಗಗಳ ಯಂತ್ರದಲ್ಲಿ ನಾಲ್ಕು ಅಥವಾ ಐದರಲ್ಲಿಟ್ಟು, ಸೆಕೆಂಡಿಗೆ ಎರಡು-ಮೂರು ಸೆಂಟಿಮೀಟರ್‌ನಂತೆ ನಿಧಾನವಾಗಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಾಲ್ಕರಿಂದ ಆರು ಸುತ್ತು. ಪ್ಲೇಟಿನ ಮೇಲೊಂದು ಮಾರ್ಕರ್ ಗೆರೆ ಎಳೆದುಕೊಳ್ಳಿ: ಗೆರೆ ತಿರುಗುವುದು ನಿಂತರೆ ಒತ್ತಡ ಹೆಚ್ಚಾಗಿದೆ ಅಥವಾ ಪ್ಯಾಡ್ ಓರೆಯಾಗಿದೆ ಎಂದರ್ಥ. ಆಗ ಗೀರು ಹೋಗುವುದಿಲ್ಲ, ಶಾಖ ಮಾತ್ರ ಏರುತ್ತದೆ. ಕೈಯಿಟ್ಟರೆ ತಡೆಯದಷ್ಟು ಬಿಸಿಯಾದರೆ ನಿಲ್ಲಿಸಿ. ಪ್ಲಾಸ್ಟಿಕ್ ಬಂಪರ್ ಬೇಗ ಬಿಸಿಯಾಗುತ್ತದೆ. ಪ್ರತಿ ಚೌಕದ ನಂತರ ಪ್ಯಾಡನ್ನು ಬ್ರಷ್‌ನಿಂದ ಕೊಡವಿ, ಎರಡು ಭಾಗಗಳಿಗೊಮ್ಮೆ ಬದಲಿಸಿ. ಧೂಳು ಹೆಚ್ಚಾಗಿ ಏಳುತ್ತಿದ್ದರೆ ಪ್ಯಾಡ್ ತುಂಬಿಕೊಂಡಿದೆ, ಇಲ್ಲವೇ ಪಾಲಿಶ್ ಒಣಗಿದೆ.

ಉಜ್ಜಿ ಒರೆಸಿದ ಕೂಡಲೇ ಮಿಂಚಿದ್ದನ್ನು ನಂಬಬೇಡಿ. ಪಾಲಿಶ್‌ನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಮರೆಮಾಚುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನಲ್ಲಿ 15 ಶೇಕಡಾಕ್ಕೆ ತೆಳುಮಾಡಿ ಒರೆಸಿ, ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಉಗುರಿಗೆ ಸಿಕ್ಕುವ ಗೀರು ಪಾಲಿಶ್‌ಗೆ ಹೋಗುವುದಿಲ್ಲ, ಅದರ ಬೆನ್ನುಹತ್ತಿ ಕ್ಲಿಯರ್ ಕೋಟ್ ಕಳೆದುಕೊಳ್ಳಬೇಡಿ.

ಕಾಪಿಗೆ ಏನು ಹಚ್ಚಬೇಕು?

ಕಾರ್ನೊಬಾ ಮೇಣ ಚೆಂದದ ಹೊಳಪು ಕೊಡುತ್ತದೆ, ಆದರೆ ಎರಡು ತಿಂಗಳ ಮಾತು. ಮಲೆನಾಡಿನ ಒಂದು ಮಳೆಗಾಲವನ್ನೂ ಅದು ದಾಟಲಾರದು. ಸಿಂಥೆಟಿಕ್ ಸೀಲಂಟ್ ನಾಲ್ಕರಿಂದ ಆರು ತಿಂಗಳು; ಮೇ ತಿಂಗಳಲ್ಲಿ ಹಚ್ಚಿದರೆ ಮೃಗಶಿರಾ ಮಳೆಯಿಂದ ನವರಾತ್ರಿಯವರೆಗೆ ಸಾಕಾಗುತ್ತದೆ, ಖರ್ಚೂ ಕಡಿಮೆ. ಸೆರಾಮಿಕ್ ಕೋಟಿಂಗ್ ಒಳ್ಳೆಯದಾದರೆ ಎರಡು-ಮೂರು ವರ್ಷ. ಅದು ಕಲ್ಲೇಟನ್ನಾಗಲಿ ಬಟ್ಟೆಯ ಗೀರನ್ನಾಗಲಿ ತಡೆಯುವುದಿಲ್ಲ, ಅಂಗಡಿಯಲ್ಲಿ ಏನೇ ಹೇಳಲಿ. ಕೊಳೆ ಅಂಟದಂತೆ ಮಾಡಿ ತೊಳೆಯುವುದನ್ನು ಹಗುರ ಮಾಡುತ್ತದೆ.

ಕಲ್ಲಿಗೆ ಮದ್ದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಒಂದೇ. ಇದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಘಾಟಿ ರಸ್ತೆಯ ಜಲ್ಲಿ ಮುಂದಿನ ಬಂಪರ್, ಬಾನೆಟ್, ಕನ್ನಡಿಗೆ ಬಡಿಯುತ್ತದೆ. ಸ್ಪೋರ್ಟ್ಸ್ ಕಾರಿನ ಅಗಲ ಟೈರು ಎಸೆಯುವ ಕಲ್ಲು ಬಾಗಿಲ ಕೆಳಗಿನ ಪಟ್ಟಿಗೆ, ಹಿಂದಿನ ಚಕ್ರದ ಮುಂಭಾಗಕ್ಕೆ. ಇಷ್ಟಕ್ಕೆ ಹಾಕಿಸಿದರೆ ಸಾಕು, ಇಡೀ ಕಾರಿಗೆ ಬೇಡ. ಹಾಳೆ ಮೊದಲು, ಕೋಟಿಂಗ್ ಆಮೇಲೆ. ಮರುಬಣ್ಣ ಹೊಡೆಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳು ಎರಡೂ ಬೇಡ.

ಸೆರಾಮಿಕ್ ನೀವೇ ಹಚ್ಚುವುದಾದರೆ 30 ಮಿಲಿಯ ಶೀಷೆ ಒಂದು ಕಾರಿಗೆ ಸಾಲುತ್ತದೆ. ಎರಡಡಿ ಚೌಕಕ್ಕೆ ತೆಳುವಾಗಿ ಅಡ್ಡ-ಉದ್ದ ಸವರಿ, ಕಾಮನಬಿಲ್ಲಿನ ಛಾಯೆ ಮೂಡಿದೊಡನೆ ಒಂದು ಬಟ್ಟೆಯಿಂದ ಒರೆಸಿ, ಇನ್ನೊಂದರಿಂದ ನಯಗೊಳಿಸಿ. ತೇವವಿರುವ ದಿನ ಅರ್ಧ ನಿಮಿಷದಲ್ಲೇ ಮೂಡಬಹುದು. ಒರೆಸದೆ ಉಳಿದ ಕಪ್ಪು ಪಟ್ಟೆ ಆ ಹೊತ್ತಿಗೇ ಕಂಡರೆ ಅದರ ಮೇಲೆ ಹೊಸ ಹನಿ ಸವರಿ ಒರೆಸಿದರೆ ಹೋಗುತ್ತದೆ. ಮರುದಿನ ಕಂಡರೆ ಪಾಲಿಶ್ ಯಂತ್ರವೇ ಗತಿ. ಒಂದು ದಿನ ನೀರು ಸೋಕಬಾರದು, ಒಂದು ವಾರ ಶಾಂಪೂ ಬೇಡ. ಹಚ್ಚಿದ ಬಟ್ಟೆ ಒಣಗಿ ಗಾಜಿನಂತೆ ಗಟ್ಟಿಯಾಗುವುದರಿಂದ ಎಸೆದುಬಿಡಿ.

ಮಳೆಗಾಲದಲ್ಲಿ

ಒದ್ದೆ ಕಾರಿಗೆ ಹೊದಿಕೆ ಹಾಕಬೇಡಿ. ಒಳಗೆ ತೇವ ನಿಂತು ರಬ್ಬರ್ ಪಟ್ಟಿ, ಗಾಜಿನ ಅಂಚು, ಪಿಪಿಎಫ್ ಹಾಳೆಯ ತುದಿಯಲ್ಲಿ ಪಾಚಿ ಕಟ್ಟುತ್ತದೆ. ಅದಕ್ಕೆ ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್, ಶಾಂಪೂ ನೀರು ಸಾಕು. ಹಾಳೆಯ ತುದಿ ಏಳದಂತೆ ಒಳಗಿನಿಂದ ಅಂಚಿನ ಕಡೆಗೆ ಉಜ್ಜಿ. ಹಕ್ಕಿ ಹಿಕ್ಕೆಯನ್ನು ಒಣ ಬಟ್ಟೆಯಲ್ಲಿ ಕೆರೆಯದೆ, ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು ಎತ್ತಿ. ಹಲಸು, ಮಾವಿನ ಮರದ ಕೆಳಗಿನ ನೆರಳಿಗಿಂತ ಬಯಲಲ್ಲಿ ಮಳೆಗೆ ನಿಲ್ಲಿಸುವುದು ಬಣ್ಣಕ್ಕೆ ಹಿತ.