ಡಯೋರಾಮಾ ತಳದಲ್ಲಿ ಸ್ಟ್ಯಾಟಿಕ್ ಗ್ರಾಸ್ ನೆಟ್ಟಗೆ ನಿಲ್ಲಿಸುವುದು ಹೇಗೆ

ಡಯೋರಾಮಾ ಎಂದರೆ ಒಂದು ದೃಶ್ಯದ ಪುಟ್ಟ ಮಾದರಿ; ಅದರಲ್ಲಿ ಹುಲ್ಲಾಗಿ ಬಳಸುವ ಸಣ್ಣ ಸಿಂಥೆಟಿಕ್ ಎಳೆಗಳೇ ಸ್ಟ್ಯಾಟಿಕ್ ಗ್ರಾಸ್. ಈ ಹುಲ್ಲು ಮಲಗಿಬಿಟ್ಟರೆ ಹೆಚ್ಚಿನವರು ಮೊದಲು ದೂರುವುದು ಅದನ್ನು ವಿದ್ಯುತ್ ಚಾರ್ಜ್ ಕೊಟ್ಟು ಉದುರಿಸುವ ಅಪ್ಲಿಕೇಟರನ್ನು. ತಪ್ಪು ಬಹುಪಾಲು ಅಂಟಿನಲ್ಲಿರುತ್ತದೆ. ಅಂಟು ತೀರಾ ತೆಳುವಾಗಿರುತ್ತದೆ, ಅರ್ಧ ಒಣಗಿರುತ್ತದೆ, ಇಲ್ಲವೇ ಅರ್ತ್ ಪಿನ್ ಅದಕ್ಕೆ ತಾಗಿಯೇ ಇರುವುದಿಲ್ಲ.

ಅಪ್ಲಿಕೇಟರ್ ಮಾಡುವ ಕೆಲಸ ಇಷ್ಟೇ: ಬ್ಯಾಟರಿಯ ಕೆಲವೇ ವೋಲ್ಟ್‌ಗಳನ್ನು ಸಾವಿರಾರು ವೋಲ್ಟ್‌ಗಳಿಗೆ ಏರಿಸುತ್ತದೆ, ಕರೆಂಟ್ ಮಾತ್ರ ಅತ್ಯಲ್ಪ. ಒಂದು ತುದಿ ಲೋಹದ ಜರಡಿಗೆ ಹೋಗುತ್ತದೆ, ಇನ್ನೊಂದು ಕ್ಲಿಪ್ ಇರುವ ವೈರಿಗೆ; ಆ ಕ್ಲಿಪ್ಪನ್ನು ಅಂಟಿಗೆ ಚುಚ್ಚಿದ ಲೋಹದ ಪಿನ್ನಿಗೆ, ಅಂದರೆ ಅರ್ತ್ ಪಿನ್ನಿಗೆ, ಸಿಕ್ಕಿಸುತ್ತೇವೆ. ಜರಡಿ ದಾಟಿ ಇಳಿಯುವ ಎಳೆ ಚಾರ್ಜ್ ಆಗಿ, ಜರಡಿಗೂ ಅಂಟಿಗೂ ನಡುವಿನ ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಿರುಗಿ, ತುದಿ ಮುಂದಾಗಿ ಬಂದು ಅಂಟಿನಲ್ಲಿ ನೆಟ್ಟುಕೊಳ್ಳುತ್ತದೆ. ಪಕ್ಕದ ಎಳೆಯಲ್ಲೂ ಅದೇ ಚಾರ್ಜ್ ಇರುವುದರಿಂದ ಅವು ಒಂದನ್ನೊಂದು ದೂಡಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಸಿ ಪಿವಿಎ ಅಂಟಿನಲ್ಲಿ (ಮರಗೆಲಸಕ್ಕೆ ಬಳಸುವ ಬಿಳಿ ಅಂಟು) ನೀರಿದೆ, ಅದು ವಿದ್ಯುತ್ ಹರಿಸುತ್ತದೆ. ತಳದ ಫೋಮ್ ಹರಿಸುವುದಿಲ್ಲ. ಹಾಗಾಗಿ ಪಿನ್ನನ್ನು ಫೋಮಿಗೆ ಚುಚ್ಚಿದರೆ ಸಾಲದು, ಅದು ಹಸಿ ಅಂಟನ್ನೇ ಮುಟ್ಟಬೇಕು. ಎರಡು ಕಡೆ ಬೇರೆ ಬೇರೆಯಾಗಿ ಅಂಟು ಹಚ್ಚಿದ್ದರೆ ಪಿನ್ನನ್ನೂ ಕಿತ್ತು ಎರಡನೆಯ ಕಡೆ ಚುಚ್ಚಬೇಕು. ಇದನ್ನು ಮರೆಯುವವರೇ ಹೆಚ್ಚು.

ಎಳೆಯ ಉದ್ದ

ಪ್ಯಾಕೆಟ್ ಮೇಲಿನ ಮಿಲಿಮೀಟರನ್ನು ಮಾದರಿಯ ಸ್ಕೇಲಿನಿಂದ (1:35 ಎಂದರೆ 35ರಿಂದ) ಗುಣಿಸಿ ನೋಡಿ. 1:35ರಲ್ಲಿ 2 ಮಿ.ಮೀ. ಎಳೆ ಎಂದರೆ 7 ಸೆಂ.ಮೀ. ಹುಲ್ಲು, 4 ಮಿ.ಮೀ. ಎಂದರೆ 14 ಸೆಂ.ಮೀ., 12 ಮಿ.ಮೀ. ಎಂದರೆ ಮೊಣಕಾಲಿನ ಸುತ್ತಮುತ್ತ ಬರುವ 42 ಸೆಂ.ಮೀ. ಅದೇ 2 ಮಿ.ಮೀ. ಎಳೆ 1:72ರಲ್ಲಿ ಸುಮಾರು 14 ಸೆಂ.ಮೀ., 1:87ರಲ್ಲಿ 17 ಸೆಂ.ಮೀ. ದಾಟುತ್ತದೆ, 1:160ರಲ್ಲಿ 32 ಸೆಂ.ಮೀ. ಆಗುತ್ತದೆ. ಸಣ್ಣ ಸ್ಕೇಲಿನ ಕತ್ತರಿಸಿದ ಹುಲ್ಲುಹಾಸಿಗೆ 1 ಮಿ.ಮೀ. ಎಳೆಯೇ ಸರಿ.

ಒಂದೇ ಉದ್ದ, ಒಂದೇ ಬಣ್ಣ ಹಾಕಿದರೆ ಎಷ್ಟು ಚೆನ್ನಾಗಿ ನಿಂತರೂ ಅದು ಕಾರ್ಪೆಟ್ಟೇ. ಮೊದಲ ಪದರಕ್ಕೆ ಮಂಕು ಹಸಿರು ಮೂರು ಪಾಲು, ಒಣಹುಲ್ಲಿನ ಬಣ್ಣ ಒಂದು ಪಾಲು, ಕಂದು ಅರ್ಧ ಪಾಲು ಬೆರೆಸಿಕೊಳ್ಳಿ. ಬೆರೆಸುವುದು ಡಬ್ಬಿಯಲ್ಲಿ, ಅರೆಬರೆಯಾಗಿ. ಪೂರ್ತಿ ಏಕವಾದರೆ ಮತ್ತೆ ಒಂದೇ ಬಣ್ಣವಾಗಿ ಕಾಣುತ್ತದೆ. ಪ್ಯಾಕೆಟ್ಟಿನಲ್ಲಿ ಕಣ್ಸೆಳೆಯುವ ಕಡು ಹಸಿರು ತಳದ ಮೇಲೆ ಆಟಿಕೆಯಂತೆ ಕಾಣುತ್ತದೆ, ಅದನ್ನು ಒಂಟಿಯಾಗಿ ಬಳಸಬೇಡಿ.

ತಳ

ಎಳೆಗಳ ನಡುವೆ ನೆಲ ಇಣುಕಿಯೇ ಇಣುಕುತ್ತದೆ. ಆದ್ದರಿಂದ ಫೋಮ್ ಮೇಲೆ ಸಣ್ಣ ಮರಳು, ಪಿವಿಎ, ಕಂದು ಅಕ್ರಿಲಿಕ್ ಬಣ್ಣ ಕಲಸಿ ಬಳಿದು, ರಾತ್ರಿಯಿಡೀ ಒಣಗಲು ಬಿಡಿ. ಸಾಲ್ವೆಂಟ್ ಇರುವ ಸ್ಪ್ರೇ ಬಣ್ಣ ಬೇಡ, ಅದು ಪಾಲಿಸ್ಟೈರೀನ್ ಫೋಮನ್ನು ಕರಗಿಸುತ್ತದೆ. ಪ್ಲಾಸ್ಟರ್ ಅಥವಾ ಒಣ ಮಣ್ಣಿನ ತಳವಾದರೆ ಮೊದಲು ಸಮಪಾಲು ನೀರು ಬೆರೆಸಿದ ಪಿವಿಎಯ ಒಂದು ಕೋಟ್ ಕೊಟ್ಟು ಒಣಗಿಸಿ. ಹಾಗೆ ಮಾಡದಿದ್ದರೆ ಮೇಲೆ ಹಚ್ಚುವ ಅಂಟಿನ ನೀರನ್ನು ತಳ ಹೀರಿಕೊಂಡು, ಎರಡೇ ನಿಮಿಷದಲ್ಲಿ ಅಂಟಿನ ಮೇಲೆ ಪೊರೆ ಕಟ್ಟುತ್ತದೆ. ಎಳೆ ಅದಕ್ಕೆ ಬಡಿದು ಅಡ್ಡ ಬೀಳುತ್ತದೆ.

ಕಲ್ಲು, ಬೇಲಿ, ಮರದ ಬುಡ ಎಲ್ಲವೂ ಹುಲ್ಲಿಗಿಂತ ಮೊದಲೇ ಕೂರಲಿ. ಆಮೇಲೆ ಇಟ್ಟರೆ ಅವು ಹುಲ್ಲಿನ ಮೇಲೆ ತೇಲಿದಂತೆ ಕಾಣುತ್ತವೆ. ಮನುಷ್ಯಾಕೃತಿ ನಿಲ್ಲುವ ಜಾಗದಲ್ಲಿ ತೂತು ಮಾಡಿ ಟೂತ್‌ಪಿಕ್ ಸಿಕ್ಕಿಸಿಡಿ. ಹುಲ್ಲು ಒಣಗಿದ ಮೇಲೆ ಅದನ್ನು ತೆಗೆದು ಆಕೃತಿಯ ಪಿನ್ ಇಳಿಸಬಹುದು. ಮರದ ಅಂಚುಪಟ್ಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ.

ಅಂಟು

ನಾಲ್ಕು ಪಾಲು ಪಿವಿಎಗೆ ಒಂದು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಬ್ರಷ್ ಎತ್ತಿದಾಗ ನಿಧಾನವಾಗಿ ತೊಟ್ಟಿಕ್ಕುವಷ್ಟು ಮಂದ ಇರಬೇಕು. ಇಳಿಜಾರಿಗೆ ನೀರು ಬೆರೆಸಲೇಬೇಡಿ, ಅಂಟು ಹುಲ್ಲಿನ ಸಮೇತ ಕೆಳಗೆ ಜಾರುತ್ತದೆ. ಸಾಮಾನ್ಯ ಪಿವಿಎ ಒಣಗಿದಾಗ ಹೊಳೆಯುವುದುಂಟು. ಮ್ಯಾಟ್ ಪಿವಿಎ ಅಥವಾ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಸಿಕ್ಕರೆ ಅದೇ ಉತ್ತಮ. ಸ್ವಲ್ಪ ಕಂದು ಬಣ್ಣ ಸೇರಿಸಿದರೆ ಒಣಗಿದ ಮೇಲೂ ಅಂಟು ಎದ್ದು ಕಾಣುವುದಿಲ್ಲ.

ದಪ್ಪ ಎಷ್ಟಿರಬೇಕು? 2 ಮಿ.ಮೀ. ಎಳೆಗೆ ಸುಮಾರು ಅರ್ಧ ಮಿ.ಮೀ., 6 ಮಿ.ಮೀ. ಎಳೆಗೆ ಒಂದು ಮಿ.ಮೀ. ಹತ್ತಿರ. ಇದಕ್ಕಿಂತ ತೆಳುವಾದರೆ ಉದ್ದದ ಎಳೆ ತನ್ನ ಭಾರಕ್ಕೇ ವಾಲುತ್ತದೆ. ಒಮ್ಮೆಗೆ ಅಂಗೈಯಗಲ, ಅಂದರೆ ಹತ್ತಿರ ಹತ್ತಿರ 10×10 ಸೆಂ.ಮೀ. ಮಾತ್ರ ಹಚ್ಚಿ, ಐದು ನಿಮಿಷದೊಳಗೆ ಹುಲ್ಲು ಹಾಕಿ ಮುಗಿಸಿ. ತೇಪೆಯ ಅಂಚನ್ನು ನೇರವಾಗಿ ಎಳೆಯದೆ ಬ್ರಷ್ ತುದಿಯಿಂದ ಚುಕ್ಕಿಚುಕ್ಕಿಯಾಗಿ ಒತ್ತಿ. ನೇರ ಅಂಚು ಮುಂದಿನ ತೇಪೆಗೆ ಸೇರುವಲ್ಲಿ ಗೆರೆಯಾಗಿ ಉಳಿಯುತ್ತದೆ. ಕಾಲುದಾರಿಗೆ ಅಂಟೇ ಬೇಡ, ಅದರ ಅಂಚಿಗೆ ಗಿಡ್ಡ ಎಳೆ ಹಾಕಿ.

ಹುಲ್ಲು ಹಾಕುವುದು

ಜರಡಿಯ ಬುಟ್ಟಿಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಗಟ್ಟಿಯಾಗಿ ತುಂಬಿದರೆ ಎಳೆಗಳು ಉಂಡೆಯಾಗಿ ಬೀಳುತ್ತವೆ. ಪಿನ್ನನ್ನು ಹಸಿ ಅಂಟಿಗೆ ಚುಚ್ಚಿ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ. ಜರಡಿಯನ್ನು ಅಂಟಿನಿಂದ 2–3 ಸೆಂ.ಮೀ. ಎತ್ತರದಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ. ಇನ್ನೂ ಹತ್ತಿರ ಹೋದರೆ ಕಿಡಿ ಹಾರುತ್ತದೆ, ಎಳೆಗಳೂ ಜರಡಿಗೆ ವಾಪಸ್ ನೆಗೆಯುತ್ತವೆ. ದೂರವಾದರೆ ಕ್ಷೇತ್ರದ ಬಲ ಕುಗ್ಗಿ ಎಳೆಗಳು ಸುಮ್ಮನೆ ಉದುರುತ್ತವೆ. ಅಂಟು ಕಾಣದಷ್ಟು ತುಂಬಿದೊಡನೆ ನಿಲ್ಲಿಸಿ. ಮೇಲೆ ಸುರಿದಷ್ಟೂ ಕೆಳಗಿನದು ಬಾಗುತ್ತದೆ. ಕೊನೆಗೆ ತಳವನ್ನು ಬುಡಮೇಲು ಮಾಡಿ ಹಿಂಬದಿಗೆ ಬೆರಳಿನಿಂದ ತಟ್ಟಿದರೆ ಬಿಡಿ ಎಳೆಗಳು ಕಾಗದಕ್ಕೆ ಉದುರುತ್ತವೆ, ವಾಲಿದ ಎಳೆಗಳೂ ಅಷ್ಟಿಷ್ಟು ನೆಟ್ಟಗಾಗುತ್ತವೆ.

ಚಕ್ರದ ಜಾಡು ಬೇಕಿದ್ದರೆ ಅಂಟು ಬೆರಳಿಗೆ ಹತ್ತದ, ಆದರೆ ಒತ್ತಿದರೆ ತಗ್ಗುವ ಹದಕ್ಕೆ ಬಂದಾಗ ಮಾದರಿಯ ಚಕ್ರವನ್ನೇ ಉರುಳಿಸಿ. ಉಳಿದಂತೆ ಮರುದಿನದವರೆಗೆ ಮುಟ್ಟಬೇಡಿ. ಒಣಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ಹಳೆಯ ನೈಲಾನ್ ಸ್ಟಾಕಿಂಗ್ ಬಿಗಿದು ಮೇಲೆ ಆಡಿಸಿದರೆ ಉಳಿಕೆ ಎಳೆಗಳು ಬಟ್ಟೆಗೆ ಅಂಟಿ ಸಿಗುತ್ತವೆ, ಮತ್ತೆ ಬಳಸಬಹುದು.

ನಿಜವಾದ ಚೆಲುವು ಎರಡನೆಯ ಪದರದಲ್ಲಿ. ಕಲ್ಲಿನ ಬುಡ, ಬೇಲಿಗಂಬದ ಸುತ್ತ, ತಗ್ಗಿನಲ್ಲಿ, ಹೀಗೆ ಕಾಲು ತುಳಿಯದ ಕಡೆಗಳಲ್ಲಿ ಮಾತ್ರ ನೀರಿನ ಆಧಾರದ ಲೇಯರಿಂಗ್ ಅಂಟನ್ನು ಹುಲ್ಲಿನ ತುದಿಗೆ ಸಿಂಪಡಿಸಿ, 4 ಅಥವಾ 6 ಮಿ.ಮೀ. ಒಣಹುಲ್ಲಿನ ಬಣ್ಣದ ಎಳೆ ಹಾಕಿ. ಹೇರ್ ಸ್ಪ್ರೇ ಬಳಸುವವರಿದ್ದಾರೆ, ಹಿಡಿತವೂ ಪರವಾಗಿಲ್ಲ. ಆದರೆ ಅದರ ಆವಿ ಹೊತ್ತಿಕೊಳ್ಳುವಂಥದ್ದು, ಅಪ್ಲಿಕೇಟರ್ ಕಿಡಿ ಹಾರಿಸುವಂಥದ್ದು. ಆವಿ ಪೂರ್ತಿ ಹೋಗುವ ಮುನ್ನ ಸ್ವಿಚ್ ಮುಟ್ಟಬಾರದು. ಪೇಸ್‌ಮೇಕರ್ ಇರುವವರು ಈ ಉಪಕರಣದಿಂದ ದೂರವಿರಲಿ. ಸ್ವಿಚ್ ಆರಿಸಿದ ಮೇಲೂ ಜರಡಿಯಲ್ಲಿ ಚಾರ್ಜ್ ಉಳಿದಿರಬಹುದು, ಕ್ಲಿಪ್ಪನ್ನು ಜರಡಿಗೆ ತಾಗಿಸಿ ಖಾಲಿ ಮಾಡಿಯೇ ಕೈ ಹಾಕಿ. ರೈಲು ಮಾದರಿಯಾದರೆ ಎಂಜಿನ್ನು, ಅದನ್ನು ನಿಯಂತ್ರಿಸುವ ಡಿಕೋಡರ್ ಚಿಪ್‌ಗಳನ್ನು ಮೊದಲೇ ಕಳಚಿಡಿ.

ಬಿಡಿ ಪೊದೆಗಳಿಗೆ ಬೇಕಿಂಗ್ ಪೇಪರನ್ನು ಲೋಹದ ತಟ್ಟೆಯ ಮೇಲೆ ಹಾಸಿ, ಕ್ಲಿಪ್ಪನ್ನು ತಟ್ಟೆಗೇ ಸಿಕ್ಕಿಸಿ. ಕಾಗದದ ಮೇಲೆ 3–5 ಮಿ.ಮೀ. ಅಗಲದ ದಪ್ಪ ಪಿವಿಎ ಚುಕ್ಕಿಗಳನ್ನಿಟ್ಟು ಎಳೆ ಹಾಕಿದರೆ, ಒಣಗಿದ ಮೇಲೆ ಬಿಡಿಸಿಕೊಂಡು ಬೇಕಾದಲ್ಲಿ ಅಂಟಿಸಬಹುದು.

ಕೆಟ್ಟರೆ

ಎಳೆಗಳು ಉಂಡೆ ಕಟ್ಟುತ್ತಿದ್ದರೆ ತೇವ ಹಿಡಿದಿವೆ; ಕಾಗದದ ಮೇಲೆ ಹರಡಿ ಬೆಚ್ಚಗಿನ ಜಾಗದಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಎಲ್ಲವೂ ಸರಿಯಿದ್ದೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ, ಪಿನ್ನಿನ ಮೇಲೆ ಒಣ ಅಂಟಿನ ಪೊರೆ ಇದೆಯೇ ನೋಡಿ. ಒಂದು ತೇಪೆ ಪೂರ್ತಿ ಕೆಟ್ಟಿದ್ದರೆ ಅದರ ಮೇಲೆಯೇ ಮತ್ತೆ ಅಂಟು ಸುರಿಯಬೇಡಿ, ಗಂಟುಗಂಟಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಟಿಶ್ಯೂವನ್ನು ಹತ್ತು ಹದಿನೈದು ನಿಮಿಷ ಹೊದಿಸಿಟ್ಟರೆ ಪಿವಿಎ ಮೆತ್ತಗಾಗುತ್ತದೆ. ಚಪ್ಪಟೆ ಚಾಕುವಿನಿಂದ ಕೆರೆದು ತೆಗೆದು, ಕಂದು ಬಣ್ಣ ಕಿತ್ತುಬಂದಲ್ಲಿ ಮತ್ತೆ ಹಚ್ಚಿ ಒಣಗಿಸಿ, ಮೊದಲಿನಿಂದ ಹಾಕಿ.