ವಿಲ್ ಸಾಕೋ, ಟ್ರಸ್ಟ್ ಬೇಕೋ: ಕಾಗದಪತ್ರ ಮುಂದಿಟ್ಟುಕೊಂಡು ನಾನು ನೋಡುವುದು

ದಾವಣಗೆರೆಯಲ್ಲಿ ಆಸ್ತಿಪತ್ರ ಬರೆಸಲು ಬರುವವರು ಈಗೀಗ ಕುಳಿತ ಕೂಡಲೇ "ಟ್ರಸ್ಟ್ ಮಾಡಿಬಿಡೋಣ ಸರ್" ಎನ್ನುತ್ತಾರೆ. ಟ್ರಸ್ಟ್ ಎಂದರೆ ಆಸ್ತಿಯನ್ನು ಟ್ರಸ್ಟಿ ಎಂಬ ನಂಬಿಕೆಯವರಿಗೆ ಒಪ್ಪಿಸಿ, ಇನ್ನೊಬ್ಬರ ಒಳಿತಿಗಾಗಿ ನೋಡಿಕೊಳ್ಳುವಂತೆ ಮಾಡುವುದು. ನಾನು ಮೊದಲು ಪಹಣಿ, ಎಂ.ಆರ್. ಪ್ರತಿ (ಖಾತೆ ಬದಲಾವಣೆಯ ದಾಖಲೆ), ಹಳೆಯ ಪಾಲುಪಟ್ಟಿ ಕೇಳುತ್ತೇನೆ. ಪಹಣಿಯಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಜಮೀನು ಅವರೊಬ್ಬರದಲ್ಲ. ಹಿರಿಯ ಮಗನೆಂದು ಖಾತೆ ಕೂತಿರುತ್ತದೆ, ಪಾಲೇ ಆಗಿರುವುದಿಲ್ಲ. ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನು ವಿಲ್ ಮೂಲಕ ಕೊಡಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಅವಕಾಶ ಕೊಟ್ಟಿದೆ. ಪಾಲಾಗದ ಅದೇ ಹಕ್ಕನ್ನು ಬದುಕಿರುವಾಗ ದಾನದಂತೆ ಟ್ರಸ್ಟ್‌ಗೆ ಕೊಡಲು ಬರುವುದಿಲ್ಲ. ಎಷ್ಟೋ ಮನೆಗಳ ಪ್ರಶ್ನೆ ಇಲ್ಲೇ ಮುಗಿಯುತ್ತದೆ.

ಸ್ವಯಾರ್ಜಿತವಾದರೆ ಎರಡನೇ ಪ್ರಶ್ನೆ: ನಿಮ್ಮ ನಂತರ ಆಸ್ತಿ ಕೈಗೆ ಬಂದವರು ಅದನ್ನು ತಾವೇ ನೋಡಿಕೊಳ್ಳಬಲ್ಲರೇ? ಹೌದಾದರೆ ವಿಲ್ ಸಾಕು. ಸ್ಟಾಂಪ್ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಹಳೆಯದು ನೋಂದಣಿಯಾಗಿದ್ದರೂ, ಕ್ರಮಬದ್ಧವಾಗಿ ಬರೆದ ಕೊನೆಯ ವಿಲ್ಲೇ ನಿಲ್ಲುತ್ತದೆ.

ವಿಲ್ ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷಿಗಳಿಂದ. ಇಬ್ಬರು ಬೇಕು, ಬರೆಸಿದವರು ಸಹಿ ಹಾಕುವುದನ್ನು ಇಬ್ಬರೂ ನೋಡಿ, ಅವರೆದುರೇ ತಾವೂ ಸಹಿ ಹಾಕಬೇಕು. ನೋಂದಣಿಯಾಗಿದ್ದರೂ ತಕರಾರು ಕೋರ್ಟಿಗೆ ಹೋದರೆ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಅದಕ್ಕೇ ಬರೆಸುವವರಿಗಿಂತ ಚಿಕ್ಕ ವಯಸ್ಸಿನ, ಹತ್ತಿರದಲ್ಲೇ ಇರುವವರನ್ನು ಕರೆತರಲು ಹೇಳುತ್ತೇನೆ. ಹೆಚ್ಚು ಪಾಲು ಪಡೆಯುವ ಮಗನೇ ಮುಂದೆ ನಿಂತು ಬರೆಸುವುದು, ಮಗಳನ್ನು ಕಾರಣ ಹೇಳದೆ ಬಿಡುವುದು ಅನುಮಾನಕ್ಕೆ ದಾರಿ. ಅಂಥ ಅನುಮಾನ ಕಳೆಯುವ ಹೊಣೆ ವಿಲ್ ಮುಂದಿಡುವವರದೇ ಎಂದು 1958ರಲ್ಲಿ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಕಾರಣವನ್ನು ಎರಡು ಸಾಲು ಬರೆಸುತ್ತೇನೆ.

ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ "ಬಾವಿ ಕಡೆಯ ತೋಟ ದೊಡ್ಡವನಿಗೆ" ಎಂದರೆ ಜಗಳ ಬರೆದಿಟ್ಟಂತೆ. ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಭಾಗದ ನಂಬರು), ಎಕರೆ-ಗುಂಟೆ, ಖರಾಬು (ಸಾಗುವಳಿಗೆ ಬಾರದ ಜಾಗ), ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬೇಕು. ನಾಲ್ಕು ಎಕರೆ ಅಡಿಕೆಗೆ ಒಂದೇ ಕೊಳವೆಬಾವಿ ಇದ್ದರೆ ನೀರು ಬಿಡುವ ಸರದಿ, ಪೈಪ್‌ಲೈನ್ ಹೋಗುವ ಜಾಗ, ಕರೆಂಟ್ ಬಿಲ್ಲು, ಗಾಡಿ ದಾರಿ ಎಲ್ಲವನ್ನೂ ಬರೆಯಬೇಕು. ನೀರಿಲ್ಲದ ಪಾಲು ಪಾಲೇ ಅಲ್ಲ.

ಟ್ರಸ್ಟ್ ನಿಜಕ್ಕೂ ಬೇಕಾಗುವುದು ಬೌದ್ಧಿಕ ಅಂಗವೈಕಲ್ಯವಿರುವ ಮಗುವಿನ ಮನೆಗೆ. "ಅಣ್ಣ ನೋಡ್ಕೋತಾನೆ" ಎಂದು ಎಲ್ಲವನ್ನೂ ಅಣ್ಣನ ಹೆಸರಿಗೆ ಬರೆದರೆ ಆ ಮಗುವಿಗೆ ಕೇಳುವ ಹಕ್ಕೇ ಉಳಿಯುವುದಿಲ್ಲ. ಇಲ್ಲಿ ನಾನು ಜಮೀನನ್ನು ವಿಲ್‌ನಲ್ಲೇ ಇಟ್ಟು, ಬಾಡಿಗೆ ಬರುವ ಮಳಿಗೆ ಮತ್ತು ಠೇವಣಿಯನ್ನು ಟ್ರಸ್ಟ್‌ಗೆ ಹಾಕಿಸುತ್ತೇನೆ. 1882ರ ಟ್ರಸ್ಟ್ ಕಾಯ್ದೆಯಂತೆ ಸ್ಥಿರಾಸ್ತಿಯ ಟ್ರಸ್ಟ್ ಒಂದೋ ನೋಂದಾಯಿತ ಪತ್ರದಿಂದ ಆಗಬೇಕು, ಇಲ್ಲವೇ ವಿಲ್‌ನಿಂದ. ಪತ್ರ ಮಾಡಿದರೆ ಸ್ಟಾಂಪ್ ಖರ್ಚು ಈಗಲೇ ಬರುತ್ತದೆ. ಪ್ಯಾನ್, ಬ್ಯಾಂಕ್ ಖಾತೆ, ವರ್ಷವರ್ಷದ ಲೆಕ್ಕವೂ ಶುರು. ವಿಲ್‌ನಲ್ಲೇ ಟ್ರಸ್ಟ್ ಬರೆದರೆ ಅದೆಲ್ಲ ಸಾವಿನ ನಂತರ. ಆದರೆ ತಂದೆ ಪಾರ್ಶ್ವವಾಯು ಹೊಡೆದು ಮಲಗಿದರೆ ವಿಲ್‌ನಲ್ಲಿರುವ ಟ್ರಸ್ಟ್ ಒಂದು ರೂಪಾಯಿಯನ್ನೂ ಕೊಡಲಾರದು. ತಾಯಿ ಇಲ್ಲದ, ತಂದೆಗೆ ವಯಸ್ಸಾದ ಮನೆಗೆ ಖರ್ಚಾದರೂ ಈಗಲೇ ಮಾಡಿ ಎನ್ನುತ್ತೇನೆ.

ಮಗುವಿನ ನಂತರ ಆಸ್ತಿ ಯಾರಿಗೆ ಸೇರುತ್ತದೋ ಅವರೊಬ್ಬರನ್ನೇ ಟ್ರಸ್ಟಿ ಮಾಡಬಾರದು. ಉಳಿಸಿದ್ದೆಲ್ಲ ಅವರಿಗೇ ಬರುವಾಗ ಮಗುವಿಗೆ ಖರ್ಚು ಮಾಡಲು ಕೈ ಹಿಂಜರಿಯುತ್ತದೆ. ಒಬ್ಬರು ಮನೆಯವರು, ಒಬ್ಬರು ಹೊರಗಿನವರು ಇರಲಿ. ಒಬ್ಬರು ತೀರಿಕೊಂಡರೆ ಮುಂದಿನವರು ಯಾರೆಂಬ ಹೆಸರೂ ಪತ್ರದಲ್ಲೇ ಇರಲಿ. ಬೇರೆ ರೀತಿ ಬರೆಯದಿದ್ದರೆ ಟ್ರಸ್ಟಿಗಳೆಲ್ಲ ಸೇರಿಯೇ ನಡೆಯಬೇಕು. ಆದ್ದರಿಂದ ಆಸ್ಪತ್ರೆ ಖರ್ಚಿಗೆ ಒಬ್ಬರ ಸಹಿಯಲ್ಲೇ ಹಣ ತೆಗೆಯಬಹುದು ಎಂಬ ಸಾಲನ್ನು ನಾನು ಬಿಡುವುದೇ ಇಲ್ಲ.